ಈ ಸಲ ನೆಲವೇ ಡೊಂಕಾಗಿತ್ತು!

ತುಂಬಾ ದಿನಗಳಿಂದ ಇಲ್ಲಿ ಏನೂ ಬರೆದಿರಲಿಲ್ಲ. ಮಿಲ್ಲು, ಮನೆ, ಮಗಳ ಪ್ರಾಕ್ಟೀಸು, ಮತ್ತೆ ಮಿಲ್ಲು... ಇಷ್ಟರಲ್ಲೇ ದಿನ ಕಳೆದುಹೋಗುತ್ತದೆ. ಆದರೆ ಈ ಒಂದು ವಿಷಯ ಬಹಳ ದಿನದಿಂದ ಹೊಟ್ಟೆಯಲ್ಲಿಟ್ಟುಕೊಂಡು ಓಡಾಡುತ್ತಿದ್ದೇನೆ. ಇವತ್ತು ಭಾನುವಾರ, ಹೊರಗೆ ಮಳೆ, ಕೈಯಲ್ಲಿ ಚಹಾ. ಹೇಳಿಬಿಡುತ್ತೇನೆ.

ನಮ್ಮೂರು ದಾವಣಗೆರೆ. ದುಗ್ಗಮ್ಮನ ಜಾತ್ರೆ ನೋಡಿದವರಿಗೆ ಬಲೂನು ಹೊಡೆಯುವ ಅಂಗಡಿ ನೆನಪಿರಲೇಬೇಕು. ಹಲಗೆಯ ಮೇಲೆ ಸಾಲಾಗಿ ಬಣ್ಣ ಬಣ್ಣದ ಬಲೂನು, ಮುಂದೆ ನಳಿಗೆ ಮಡಚಿ ಛರ್ರೆ ತುಂಬುವ ಹಳೇ ಗಾಳಿ ಬಂದೂಕು. ಅಪ್ಪ ಕೊಟ್ಟ ಕಾಸಲ್ಲಿ ನಾನು ಹೊಡೆದದ್ದು ಹೆಚ್ಚು, ಒಡೆದದ್ದು ಕಡಿಮೆ. 'ಬಂದೂಕಿನ ನಳಿಗೇನೇ ಸೊಟ್ಟ ಐತಪ್ಪಾ' ಅಂತ ನಾನು ಗೊಣಗಿದರೆ ಅಪ್ಪ ನಗುತ್ತಾ ಒಂದೇ ಮಾತು ಹೇಳುತ್ತಿದ್ದರು: 'ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.' ಅಲ್ಲಿಗೆ ಮಾತು ಮುಗಿಯಿತು. ಮಂಡಕ್ಕಿ ಮೆಣಸಿನಕಾಯಿ ತಿಂದು ಮನೆಗೆ.

ಅಪ್ಪ ಕಾಟನ್ ಮಿಲ್ಲಿನಲ್ಲಿದ್ದವರು. ಊರಿನ ಮಿಲ್ಲುಗಳು ಒಂದೊಂದಾಗಿ ಬಾಗಿಲು ಹಾಕಿಕೊಂಡ ಕಾಲದಲ್ಲಿ ನಾನು ಡಿಪ್ಲೊಮಾ ಮುಗಿಸಿ 1994ರ ಜೂನ್‌ನಲ್ಲಿ ಸೂರತ್‌ಗೆ ಬಂದೆ. ಸೆಪ್ಟೆಂಬರ್‌ನಲ್ಲಿ ಪ್ಲೇಗು! ಅರ್ಧ ಊರು ರೈಲು ಹತ್ತಿ ಓಡುತ್ತಿತ್ತು. ನಾನು ಓಡಿಹೋಗಿ ತಿರುಗಿ ಬಂದವರ ಪೈಕಿ. 2006ರ ಆಗಸ್ಟ್‌ನಲ್ಲಿ ತಾಪಿ ನದಿ ಊರೊಳಗೇ ಬಂದಾಗ ಮಾತ್ರ ಓಡಲಿಲ್ಲ, ಅಷ್ಟು ಹೊತ್ತಿಗೆ ಈ ಊರು ನಮ್ಮದಾಗಿಬಿಟ್ಟಿತ್ತು. ಕತಾರ್‌ಗಾಮ್‌ನಲ್ಲಿ ಮನೆ. ಒಂದು ಬದಿ ವಜ್ರ ಉಜ್ಜುವ ಕಾರ್ಖಾನೆಗಳು, ಇನ್ನೊಂದು ಬದಿ ಮಗ್ಗಗಳ ಸದ್ದು. ಚಳಿಗಾಲದಲ್ಲಿ ಇಲ್ಲಿಯ ಪಾಪಡಿ ಅವರೆ ಹಾಕಿದ ಊಂಧಿಯು ತಿಂದರೆ ನಮ್ಮ ಅವರೆಕಾಳು ಸಾರಿನ ನೆನಪು ಸ್ವಲ್ಪ ಹೊತ್ತು ಮರೆಯಾಗುತ್ತದೆ. ಸ್ವಲ್ಪ ಹೊತ್ತು ಮಾತ್ರ!

ನನ್ನ ಕೆಲಸ ಗಾಳಿಯದ್ದು. ಮಿಲ್ಲಿನಲ್ಲಿ ಏರ್‌ಜೆಟ್ ಮಗ್ಗಗಳಿವೆ. ಲಾಳಿ ಇಲ್ಲ, ಗಾಳಿಯೇ ಹೊಕ್ಕಿನ ನೂಲನ್ನು ಈ ಬದಿಯಿಂದ ಆ ಬದಿಗೆ ಊದಿ ಸಾಗಿಸುತ್ತದೆ. ಆ ಗಾಳಿಯನ್ನು ಒತ್ತಿ, ಒಣಗಿಸಿ, ಸೋಸಿ, ಸರಿಯಾದ ಒತ್ತಡಕ್ಕೆ ಇಳಿಸಿ ಮಗ್ಗಕ್ಕೆ ಕೊಡುವ ಕಂಪ್ರೆಸರ್ ಮನೆ ನನ್ನದು. ಮೂವತ್ತು ವರ್ಷ ಗಾಳಿ ಅರೆದವನು ನಾನು. ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, ಮುಂದೆ ನಾನು ಮಾಡಿದ ಪೆದ್ದುತನ ಎಷ್ಟು ದೊಡ್ಡದು ಅಂತ ನಿಮಗೆ ಗೊತ್ತಾಗಲಿ ಅಂತ.

ಮಗಳಿಗೆ ಶೂಟಿಂಗ್ ಹುಚ್ಚು ಹತ್ತಿದ್ದು ಎಂಟನೇ ಕ್ಲಾಸಿನಲ್ಲಿ. 2008ರ ಆಗಸ್ಟ್ 11ರಂದು ಬೀಜಿಂಗ್‌ನಲ್ಲಿ ಅಭಿನವ್ ಬಿಂದ್ರಾ ಕೊನೆಯ ಗುಂಡನ್ನು 10.8ಕ್ಕೆ ಹೊಡೆದು ಚಿನ್ನ ಗೆದ್ದಾಗ ಅವಳು ತೊಟ್ಟಿಲ ಕೂಸು. ಅವಳನ್ನು ಹಿಡಿದದ್ದು ಬಿಂದ್ರಾ ಅಲ್ಲ, ಇಳವೇನಿಲ್ ವಳರಿವನ್. ತಮಿಳುನಾಡಿನ ಕಡಲೂರಿನಲ್ಲಿ ಹುಟ್ಟಿ ಅಹಮದಾಬಾದಿನಲ್ಲಿ ಬೆಳೆದು, ಗುಜರಾತಿನ ಪರವಾಗಿ ಆಡಿ, 2019ರಲ್ಲಿ ರಿಯೋ ವಿಶ್ವಕಪ್‌ನಲ್ಲಿ ಚಿನ್ನ ಗೆದ್ದ ಹುಡುಗಿ. 'ಅಪ್ಪಾ, ಅವಳೂ ನಮ್ಮ ಹಂಗೇ ಹೊರಗಿನಿಂದ ಬಂದೋಳು' ಅಂತ ಮಗಳು ಹೇಳಿದಾಗ ಏನೋ ಒಂದು ಥರಾ ಆಯಿತು. ಆಮೇಲೆ 2023ರಲ್ಲಿ ಬೆಂಗಳೂರಿನ ತಿಲೋತ್ತಮಾ ಸೇನ್ ಕೊರಿಯಾದ ಚಾಂಗ್ವನ್‌ನಲ್ಲಿ ಏಷ್ಯನ್ ಬೆಳ್ಳಿ ಗೆದ್ದು ಒಲಿಂಪಿಕ್ ಕೋಟಾ ತಂದಾಗ ಅವಳ ಕನ್ನಡಾಭಿಮಾನವೂ ಎಚ್ಚರವಾಯಿತು.

ಗೊತ್ತಿಲ್ಲದವರಿಗೆ ಆಟದ ಲೆಕ್ಕ ಒಂದಿಷ್ಟು. ಹತ್ತು ಮೀಟರ್ ದೂರ. 4.5 ಮಿಲಿಮೀಟರ್ ಛರ್ರೆ, ತೂಕ ಸುಮಾರು ಅರ್ಧ ಗ್ರಾಂ. ಗುರಿಯ ನಟ್ಟನಡುವಿನ ಹತ್ತರ ಚುಕ್ಕಿಯ ಅಗಲ ಬರೀ ಅರ್ಧ ಮಿಲಿಮೀಟರ್, ಅಂದರೆ ಪೆನ್ನಿನಿಂದ ಇಟ್ಟ ಫುಲ್‌ಸ್ಟಾಪು. 60 ಹೊಡೆತ, ಒಂದೊಂದಕ್ಕೂ ಹೆಚ್ಚೆಂದರೆ 10.9. ಛರ್ರೆ ನಡುವಿನಿಂದ ಕಾಲು ಮಿಲಿಮೀಟರ್ ಸರಿದರೆ ಒಂದು ದಶಾಂಶ ಹೋಯಿತು.

ಇನ್ನು ಬಂದೂಕು. ಜಾತ್ರೆಯದ್ದರಂತೆ ಸ್ಪ್ರಿಂಗಿನದಲ್ಲ. ನಳಿಗೆಯ ಕೆಳಗೆ ಒಂದು ಸಿಲಿಂಡರು, ಅದರಲ್ಲಿ 200 ಬಾರ್ ಗಾಳಿ. ನಿಮ್ಮ ಕಾರಿನ ಟಯರಿನಲ್ಲಿ ಇರುವುದು ಎರಡು ಬಾರ್ ಚಿಲ್ಲರೆ. ಅದರ ನೂರು ಪಟ್ಟು! ಹೊಸದು ಕೊಳ್ಳುವುದು ನಮ್ಮಂಥವರ ಕೈಗೆಟುಕುವ ಮಾತಲ್ಲ. ಯಾರೋ ಬಳಸಿ ಬಿಟ್ಟ ಜರ್ಮನಿಯ ಸೆಕೆಂಡ್‌ಹ್ಯಾಂಡ್ ಬಂದೂಕು ತಂದೆವು. ಅಕ್ಕಪಕ್ಕದವರಿಗೆ ಗಾಬರಿ. ನಮ್ಮ ಕಾನೂನಿನಲ್ಲಿ 4.5 ಮಿಲಿಮೀಟರ್ ದಾಟದ, 20 ಜೂಲ್ ಮೀರದ ಗಾಳಿ ಬಂದೂಕಿಗೆ ಲೈಸೆನ್ಸ್ ಬೇಡ, ಇದು ಎಂಟು ಜೂಲ್ ಕೂಡ ದಾಟುವುದಿಲ್ಲ ಅಂತ ಎಲ್ಲರಿಗೂ ವಿವರಿಸಿದ್ದಾಯಿತು. ಮನೆಯಲ್ಲಿ ಛರ್ರೆ ಹೊಡೆಯುವಂತಿಲ್ಲ, ಖಾಲಿ ಬಂದೂಕು ಹಿಡಿದು ನಿಲ್ಲುವ ಅಭ್ಯಾಸ ಮಾತ್ರ ಅಂತ ನಾನೇ ನಿಯಮ ಮಾಡಿದೆ.

ಗಾಳಿ ತುಂಬುವ ಕೆಲಸ ಮಾತ್ರ ನನ್ನದಾಯಿತು. ಕ್ಲಬ್ಬಿನಲ್ಲಿ ಮುಳುಗುಗಾರರ ದೊಡ್ಡ ಸಿಲಿಂಡರ್ ಇತ್ತು. ಅದರಿಂದ ಇದಕ್ಕೆ ತುಂಬಿಸಿಕೊಳ್ಳಬಹುದು. ಆದರೆ ದೊಡ್ಡದರ ಒತ್ತಡ ಪ್ರತಿ ಸಲವೂ ಸ್ವಲ್ಪ ಸ್ವಲ್ಪ ಇಳಿಯುತ್ತದಲ್ಲ? ಬೆಳಗ್ಗೆ ಮೊದಲು ಹೋದವರಿಗೆ 190 ಬಾರ್ ಸಿಕ್ಕರೆ ಸಂಜೆ ಹೋದವರಿಗೆ 150. ಮದುವೆ ಊಟದ ಕೊನೇ ಪಂಕ್ತಿಯ ಹಾಗೆ. ನಾನು ಗಾಳಿಯ ಮನುಷ್ಯ, ಬಿಡುತ್ತೇನೆಯೇ? ಒಂದು ಕೈಪಂಪು ಕೊಂಡೆ. ಸೈಕಲ್ ಪಂಪಿನ ಅಣ್ಣನಂತೆ ಕಾಣುತ್ತದೆ, ಒಳಗೆ ಮೂರು ಹಂತ. ಬಾಲ್ಕನಿಯಲ್ಲಿ ನಿಂತು ನೂರಕ್ಕೂ ಹೆಚ್ಚು ಸಲ ಒತ್ತಿದರೆ 80 ಬಾರ್‌ನಿಂದ 200ಕ್ಕೆ ಏರುತ್ತದೆ. ಕೊನೆಯಲ್ಲಿ ಪಂಪಿನ ಮೇಲೆ ಹೊಟ್ಟೆ ಇಟ್ಟು ತೂಗುಬೀಳಬೇಕು. 'ಅಪ್ಪನಿಗೆ ಜಿಮ್ಮಿನ ಖರ್ಚು ಉಳಿಯಿತು' ಅಂತ ಹೆಂಡತಿ, ಮಗಳು ಸೇರಿ ನಕ್ಕರು.

ಮೊದಲ ತಮಾಷೆ ಮೇ ತಿಂಗಳಲ್ಲಿ ಆಯಿತು. ಮಧ್ಯಾಹ್ನದ ಬಿಸಿಲಲ್ಲಿ ಗಡಿಬಿಡಿಯಿಂದ 200ಕ್ಕೆ ತುಂಬಿಸಿಟ್ಟೆ. ಏಸಿ ರೇಂಜಿಗೆ ಹೋಗಿ ನೋಡಿದರೆ ಮುಳ್ಳು 187! ಸೋರುತ್ತಿದೆ ಅಂತ ಮನೆಗೆ ತಂದು, ಸೋಪುನೀರು ಸವರಿ, ಗುಳ್ಳೆ ಹುಡುಕಿ ಎರಡು ಗಂಟೆ ಒದ್ದಾಡಿದೆ. ಒಂದೂ ಗುಳ್ಳೆ ಇಲ್ಲ. ಆಮೇಲೆ ತಲೆಗೆ ಹೊಳೆಯಿತು. ಗಾಳಿಯನ್ನು ಒತ್ತಿದರೆ ಬಿಸಿಯಾಗುತ್ತದೆ, ತಣ್ಣಗಾದರೆ ಒತ್ತಡ ಇಳಿಯುತ್ತದೆ. 45 ಡಿಗ್ರಿಯಲ್ಲಿ 200 ಇದ್ದದ್ದು 25 ಡಿಗ್ರಿಗೆ ಬಂದರೆ ಲೆಕ್ಕದ ಪ್ರಕಾರ 187 ಆಗಲೇಬೇಕು. ಗಾಳಿ ಎಲ್ಲೂ ಹೋಗಿರಲಿಲ್ಲ, ನನ್ನ ಬುದ್ಧಿ ಹೋಗಿತ್ತು! ಗಾಳಿ ಗುದ್ದಿ ಮೈ ನೋಯಿಸಿಕೊಳ್ಳುವುದು ಅಂದರೆ ಇದೇ. ಅಂದಿನಿಂದ ನಿಧಾನವಾಗಿ, ನಡುನಡುವೆ ಆರಲು ಬಿಟ್ಟು ತುಂಬಿಸತೊಡಗಿದೆ.

ಇಷ್ಟೇ ಆಗಿದ್ದರೆ ನಕ್ಕು ಮರೆಯುತ್ತಿದ್ದೆ.

2023ರ ಮಳೆಗಾಲ. ಸೆಪ್ಟೆಂಬರ್‌ನಲ್ಲಿ ಅಹಮದಾಬಾದಿನಲ್ಲಿ ಸ್ಪರ್ಧೆ. ಮಗಳು ಅಭ್ಯಾಸದಲ್ಲಿ 612, 613 ಹೊಡೆಯುತ್ತಿದ್ದಳು. ಆ ಎರಡು ವಾರದಲ್ಲಿ ಏನೋ ಏರುಪೇರು. ಒಂದು ದಿನ 608, ಮರುದಿನ 604. 'ಅಪ್ಪಾ, ಬೇಗ ಬೇಗ ಹೊಡೆದರೆ ಸರಿ ಬೀಳ್ತದೆ. ಸ್ವಲ್ಪ ತಡ ಮಾಡಿ ಹೊಡೆದರೆ ಮೇಲೆ ಹೋಗ್ತದೆ. ಬಂದೂಕಿನಲ್ಲೇ ಏನೋ ಆಗಿದೆ' ಅಂದಳು.

ನಾನೇನು ಹೇಳಿದೆ ಗೊತ್ತೇ? 'ತಡ ಮಾಡಿದರೆ ಮನಸ್ಸು ಅಲ್ಲಾಡ್ತದೆ, ಮನಸ್ಸು ಅಲ್ಲಾಡಿದರೆ ಕೈ ಅಲ್ಲಾಡ್ತದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ!' ಅಪ್ಪನ ಗಾದೆ ನನ್ನ ಬಾಯಲ್ಲಿ ಅಷ್ಟು ಸಲೀಸಾಗಿ ಬಂತು. ಅದೂ ಅವಳ ಗೆಳತಿಯರ ಎದುರು. ಅವರಿಗೆ ಕನ್ನಡ ಬರುವುದಿಲ್ಲ ಅಂತ ಗುಜರಾತಿಯಲ್ಲಿ ಅರ್ಥ ಬೇರೆ ಹೇಳಿದೆ. ಅವಳು ಏನೂ ಮಾತಾಡದೆ ಬಂದೂಕನ್ನು ಪೆಟ್ಟಿಗೆಯಲ್ಲಿಟ್ಟು ಲ್ಯಾಚ್ ಹಾಕಿದಳು. ಆ ಲ್ಯಾಚಿನ ಸದ್ದು ಈಗಲೂ ಕೇಳಿಸುತ್ತದೆ.

ಸ್ಪರ್ಧೆಯ ದಿನ 601.

ಸೂರತ್‌ವರೆಗಿನ ರೈಲಿನಲ್ಲಿ ಅವಳು ಕಿಟಕಿ ಕಡೆ ಮುಖ ಮಾಡಿ ಕೂತವಳು ವಡೋದರಾ ದಾಟಿದರೂ ತಿರುಗಲಿಲ್ಲ. ಭರೂಚ್ ಹತ್ತಿರ ನರ್ಮದಾ ಸೇತುವೆ ಬಂದಾಗ, 'ಅಪ್ಪಾ, ನಾನು ಬಿಟ್ಟುಬಿಡ್ತೀನಿ. ನನಗೇನೋ ಆಗಿದೆ' ಅಂದಳು. ಬಂದೂಕಿಗೆ ಏನೋ ಆಗಿದೆ ಅಂದವಳು ಈಗ ತನಗೇ ಏನೋ ಆಗಿದೆ ಅನ್ನುತ್ತಿದ್ದಳು. ನಾನು ಹೇಳಿಕೊಟ್ಟ ಪಾಠ ಚೆನ್ನಾಗಿಯೇ ಕಲಿತಿದ್ದಳು.

ನಮ್ಮ ಪಕ್ಕದ ಮನೆಯ ಕಾಕಾ ವಜ್ರ ಉಜ್ಜುವವರು. ಸೌರಾಷ್ಟ್ರದಿಂದ ಬಂದು ನಲವತ್ತು ವರ್ಷವಾಯಿತು. ಒಂದು ಸಣ್ಣ ಕಲ್ಲಿನ ಮೇಲೆ 57 ಮುಖ ತೆಗೆಯುವ ಕೈ. ರಾತ್ರಿ ಮೆಟ್ಟಿಲ ಮೇಲೆ ಕೂತು ಇದೆಲ್ಲಾ ಅವರಿಗೆ ಹೇಳಿದೆ. ಅವರು ತಂಬಾಕು ತಿಕ್ಕುತ್ತಾ ಇಷ್ಟೇ ಅಂದರು: 'ಪಹೇಲಾ ಘಂಟೀ ಜುವೋ, ಪಛೀ ಕಾರೀಗರ್‌ನೆ ಬೋಲೋ.' ಘಂಟಿ ಅಂದರೆ ನಾಲ್ಕು ಜನ ಸುತ್ತ ಕೂತು ಕೆಲಸ ಮಾಡುವ ಸಾಣೆಯಂತ್ರ. ಮೊದಲು ಅದನ್ನು ನೋಡು, ಆಮೇಲೆ ಕೆಲಸಗಾರನನ್ನು ಬೈಯಿ. ತಟ್ಟೆ ಒಂದು ಕೂದಲೆಳೆ ಅಲ್ಲಾಡಿದರೂ ಕಲ್ಲಿನ ಮೇಲೆ ಗೀರು ಬೀಳುತ್ತದೆ. ಸೇಠ್ ಬೈಯುವುದು ಮಾತ್ರ ಹುಡುಗನನ್ನು.

ಮರುವಾರವೇ ಬಂದೂಕು ರಿಪೇರಿ ಮಾಡುವವರ ಹತ್ತಿರ ಹೋದೆವು. ಅವರು ಮಾತಾಡದೆ ಒಂದು ಕ್ರೋನೋಗ್ರಾಫ್ ತೆಗೆದು ಮುಂದಿಟ್ಟರು. ಛರ್ರೆಯ ವೇಗ ಅಳೆಯುವ ಯಂತ್ರ. ಒಂದರ ಹಿಂದೊಂದು ಹತ್ತು ಹೊಡೆತ: 172, 171, 172, 172... ಸೆಕೆಂಡಿಗೆ ಇಷ್ಟು ಮೀಟರ್. ಚೆನ್ನಾಗಿದೆಯಲ್ಲ ಅಂತ ನಾನು ಮಗಳ ಕಡೆ ನೋಡಿದೆ. ಅವಳು ನೆಲ ನೋಡಿದಳು. ಅವರು 'ಚಹಾ ಕುಡಿಯೋಣ' ಅಂದರು. ಹತ್ತು ನಿಮಿಷ ಬಿಟ್ಟು ಬಂದು ಮತ್ತೊಂದು ಹೊಡೆತ: 179. ಅದರ ಬೆನ್ನಿಗೇ ಇನ್ನೊಂದು: 172. ಮತ್ತೆ ಹತ್ತು ನಿಮಿಷ ಕಾದರೆ ಮತ್ತೆ 179.

ಮಗಳು ತಲೆ ಎತ್ತಿ ನನ್ನ ಕಡೆ ನೋಡಿದಳು. ನಾನು ನೆಲ ನೋಡಿದೆ.

ವಿಷಯ ಏನು ಅಂತ ಹೇಳುತ್ತೇನೆ, ಸ್ವಲ್ಪ ತಾಳ್ಮೆ ಇರಲಿ. ಸಿಲಿಂಡರಿನಿಂದ ನೇರವಾಗಿ ಗಾಳಿ ಬಿಡುವ ಬಂದೂಕಿನಲ್ಲಿ ಹೊಡೆತದಿಂದ ಹೊಡೆತಕ್ಕೆ ವೇಗ ಬದಲಾಗುತ್ತಾ ಹೋಗುತ್ತದೆ. ಪೂರ್ತಿ ತುಂಬಿದಾಗ ಒಳಗಿನ ಒತ್ತಡವೇ ವಾಲ್ವನ್ನು ಬಿಗಿಯಾಗಿ ಮುಚ್ಚಿ ಹಿಡಿದಿರುತ್ತದೆ. ಸುತ್ತಿಗೆಯ ಪೆಟ್ಟಿಗೆ ಅದು ಅರೆಬರೆ ತೆರೆಯುತ್ತದೆ, ವೇಗ ಕಡಿಮೆ. ಒತ್ತಡ ಇಳಿದಂತೆ ವೇಗ ಏರಿ, ನಡುವೆ ಒಂದಿಷ್ಟು ಹೊತ್ತು ಸಮ ಇದ್ದು, ಆಮೇಲೆ ಇಳಿಯುತ್ತದೆ. ಗುಡ್ಡ ಹತ್ತಿ ಇಳಿದ ಹಾಗೆ. ಇದನ್ನು ತಪ್ಪಿಸಲಿಕ್ಕೇ ನಡುವೆ ರೆಗ್ಯುಲೇಟರ್ ಇಡುತ್ತಾರೆ. ಸಿಲಿಂಡರಿನಲ್ಲಿ 200 ಇರಲಿ, 100 ಇರಲಿ, ಅದರಾಚೆಯ ಪುಟ್ಟ ಕೋಣೆಗೆ ಪ್ರತಿ ಸಲವೂ ನಿಗದಿಯಾದ ಒತ್ತಡ, ಉದಾಹರಣೆಗೆ 70 ಬಾರ್, ಮಾತ್ರ ಬಿಡುತ್ತದೆ. ಬಟ್ಟಲಿನಂಥ ತೆಳು ಸ್ಪ್ರಿಂಗ್ ವಾಷರ್‌ಗಳ ಮೇಲೆ ಕೂತ ಒಂದು ಪಿಸ್ಟನ್. ಆಚೆ ಒತ್ತಡ ತುಂಬಿದ ಕೂಡಲೇ ಅದು ಸರಿದು ದಾರಿ ಮುಚ್ಚುತ್ತದೆ. ಸಿಲಿಂಡರಿನ ಒತ್ತಡ ಆ ಮಟ್ಟಕ್ಕಿಂತ ಕೆಳಗಿಳಿಯುವವರೆಗೂ ಎಲ್ಲ ಹೊಡೆತಕ್ಕೂ ಒಂದೇ ಅಳತೆ. ರೇಷನ್ ಅಂಗಡಿಯ ಪ್ರಾಮಾಣಿಕ ಸೇರಿನ ಹಾಗೆ.

ಆ ದಾರಿ ಮುಚ್ಚುವ ಜಾಗ ನುಣ್ಣಗಿದ್ದರೆ ಸರಿ. ಅಲ್ಲೊಂದು ಕಣ ಕೂತರೆ, ಸಣ್ಣ ಕಲೆ ಬಿದ್ದರೆ, ಪೂರ್ತಿ ಮುಚ್ಚುವುದಿಲ್ಲ. ಗಾಳಿ ಸದ್ದಿಲ್ಲದೆ ಜಿನುಗುತ್ತಾ ಕೋಣೆಯ ಒತ್ತಡ ಏರುತ್ತಾ ಹೋಗುತ್ತದೆ. ಬೇಗ ಹೊಡೆದರೆ ಏರಲು ಪುರುಸೊತ್ತಿಲ್ಲ, ವೇಗ ಸರಿ. ತಡ ಮಾಡಿದರೆ ಹೆಚ್ಚು ಗಾಳಿ, ಹೆಚ್ಚು ವೇಗ. ಅವಳು ಹೇಳಿದ್ದು ಅಕ್ಷರಶಃ ಇದೇ ಅಲ್ಲವೇ?

ರಾತ್ರಿ ಕೂತು ಲೆಕ್ಕ ಹಾಕಿದೆ. 172ರಲ್ಲಿ ಹೋದ ಛರ್ರೆ ಹತ್ತು ಮೀಟರಿನಲ್ಲಿ ಸುಮಾರು 16.6 ಮಿಲಿಮೀಟರ್ ಕೆಳಗಿಳಿಯುತ್ತದೆ. 179ರದ್ದು 15.3. ವ್ಯತ್ಯಾಸ ಒಂದೂಕಾಲು ಮಿಲಿಮೀಟರ್. ಕಾಲು ಮಿಲಿಮೀಟರಿಗೆ ಒಂದು ದಶಾಂಶದಂತೆ ಅರ್ಧ ಅಂಕ! ಸ್ಪರ್ಧೆಯಲ್ಲಿ ಹತ್ತು ನಿಮಿಷ ಯಾರೂ ಕಾಯುವುದಿಲ್ಲ, ಆದ್ದರಿಂದ ಪ್ರತಿ ಸಲ ಅಷ್ಟು ಹೋಗದು ನಿಜ. ಆದರೆ ನಿಧಾನವಾಗಿ ಹೊಡೆದದ್ದು ಮೇಲೆ ಬಿತ್ತು ಅಂತ ಅವಳು ಸೈಟನ್ನು ಎರಡು ಕ್ಲಿಕ್ ಇಳಿಸುತ್ತಾಳೆ. ಮುಂದಿನದು ಬೇಗ ಹೊಡೆದರೆ ಕೆಳಗೆ ಬೀಳುತ್ತದೆ. ಮತ್ತೆ ಏರಿಸುತ್ತಾಳೆ. 60 ಹೊಡೆತ ಪೂರ್ತಿ ಸುಳ್ಳು ಹೇಳುವ ತಕ್ಕಡಿಯ ಮುಂದೆ ನಿಂತ ಹಾಗೆ. ಅದರಲ್ಲೂ 601 ಹೊಡೆದಳು ಅಂದರೆ... ನಾನು ಅವಳಿಗೆ ಹೇಳಿದ್ದು ಗಾದೆ!

ಇನ್ನೂ ಮುಗಿದಿಲ್ಲ. ಅವರು ರೆಗ್ಯುಲೇಟರ್ ಬಿಚ್ಚಿ ಬಿಳಿ ಬಟ್ಟೆಯ ಮೇಲೆ ಇಟ್ಟರು. ವಾಷರ್‌ಗಳ ಅಂಚಿನಲ್ಲಿ ತುಕ್ಕು. ಮುಚ್ಚುವ ಜಾಗದಲ್ಲಿ ಬೂದು ಬಣ್ಣದ ಪುಡಿ. 'ಗಾಳಿ ಎಲ್ಲಿ ತುಂಬಿಸ್ತೀರಿ?' ಅಂತ ಕೇಳಿದರು. 'ಮನೆಯಲ್ಲೇ, ಕೈಪಂಪು' ಅಂದೆ. 'ಡ್ರೈಯರ್?'

ನನ್ನ ಬಾಯಿಂದ ಮಾತು ಹೊರಡಲಿಲ್ಲ.

ಮಿಲ್ಲಿನಲ್ಲಿ ಡ್ರೈಯರ್ ದಾಟದ ಗಾಳಿಯನ್ನು ಒಂದು ಮಗ್ಗಕ್ಕೂ ಕೊಡದವನು ನಾನು. ನೀರಿನ ಡ್ರೇನ್ ತೆರೆಯಲು ಮರೆತ ಆಪರೇಟರ್‌ಗೆ ಎಲ್ಲರೆದುರು ಉಗಿದವನು ನಾನು. ಅಂಥವನು ತಾಪಿ ದಂಡೆಯ ಊರಿನಲ್ಲಿ, ಜುಲೈ ತಿಂಗಳಲ್ಲಿ, ಬಟ್ಟೆ ಮೂರು ದಿನವಾದರೂ ಒಣಗದ ಬಾಲ್ಕನಿಯಲ್ಲಿ ನಿಂತು ಆ ಒದ್ದೆ ಗಾಳಿಯನ್ನು ಇನ್ನೂರು ಪಟ್ಟು ಹಿಂಡಿ ಮಗಳ ಬಂದೂಕಿಗೆ ತುಂಬಿಸಿದ್ದೆ! ಮಳೆಗಾಲದ 30 ಡಿಗ್ರಿ ಗಾಳಿಯ ಒಂದು ಘನ ಮೀಟರಿನಲ್ಲಿ ಸುಲಭವಾಗಿ 24 ಗ್ರಾಂ ನೀರಿರುತ್ತದೆ. ನಾನು ಒಂದು ಸಲ ತುಂಬುತ್ತಿದ್ದುದು ಸುಮಾರು 24 ಲೀಟರ್ ಗಾಳಿ. ಅಂದರೆ ಪ್ರತಿ ಸಲ ಅರ್ಧ ಗ್ರಾಂಗೂ ಹೆಚ್ಚು ನೀರು. ಒತ್ತಿದ ಗಾಳಿಗೆ ಅಷ್ಟು ನೀರು ಹಿಡಿದುಕೊಳ್ಳಲು ಆಗುವುದಿಲ್ಲ, ಹಿಂಡಿದ ಬಟ್ಟೆಯಂತೆ ಹೊರಗೆ ಬಿಡುತ್ತದೆ. ಬಹುಪಾಲು ಪಂಪಿನಲ್ಲೇ ನಿಂತಿರಬಹುದು. ಆದರೆ ಇಪ್ಪತ್ತೈದು ಸಲ ತುಂಬಿಸಿದರೆ ಲೆಕ್ಕ ಮೂರು ಟೀ ಚಮಚದ ಹತ್ತಿರ ಹೋಗುತ್ತದೆ. ಅದರಲ್ಲಿ ನಾಲ್ಕು ಹನಿ ಒಳಗೆ ಹೋದರೂ ಸಾಕಲ್ಲವೇ?

ಆ ಗಾಳಿ ತುಂಬಿದ ಕೈ ನನ್ನದು, ಗಾದೆ ಹೇಳಿದ ಬಾಯಿಯೂ ನನ್ನದು. 601 ಮಾತ್ರ ಅವಳ ಹೆಸರಿನ ಮುಂದೆ.

ಸೀಟು, ವಾಷರ್, ಓರಿಂಗ್ ಎಲ್ಲಾ ಹೊಸದು ಹಾಕಿಸಿದ್ದಾಯಿತು. ಸಿಲಿಕೋನ್ ಗ್ರೀಸ್ ಬಿಟ್ಟು ಬೇರೆ ಎಣ್ಣೆ ಮುಟ್ಟಿಸಬೇಡಿ, ಇಷ್ಟು ಒತ್ತಡದಲ್ಲಿ ಸಾಮಾನ್ಯ ಎಣ್ಣೆ ಹೊತ್ತಿಕೊಳ್ಳಬಹುದು ಅಂದರು. ಆಮ್ಲಜನಕದ ಸಿಲಿಂಡರ್ ಹತ್ತಿರಕ್ಕೂ ತರಬೇಡಿ ಅಂದರು. ಬಂದೂಕಿನ ಸಿಲಿಂಡರಿನ ಮೇಲೆ ಅಚ್ಚು ಹಾಕಿದ ತಾರೀಖು ತೋರಿಸಿ, ಹತ್ತು ವರ್ಷ ಮುಗಿದ ಮೇಲೆ ಸ್ಪರ್ಧೆಯಲ್ಲಿ ಬಳಸುವಂತಿಲ್ಲ, ಅದನ್ನು ನೋಡಿಕೊಳ್ಳುವ ಹೊಣೆ ಆಟಗಾರರದ್ದೇ ಅಂತಲೂ ಹೇಳಿದರು. ನಾನು ಒಳ್ಳೆ ಹುಡುಗನ ಹಾಗೆ ಎಲ್ಲಾ ಬರೆದುಕೊಂಡೆ.

ವಾಪಸ್ ಬರುವಾಗ ಮಗಳಿಗೆ ಹೇಳಿದೆ: 'ತಪ್ಪು ನಂದೇ. ನೀನು ಸರಿಯಾಗೇ ಹೇಳಿದ್ದೆ.' ಹದಿನಾರರ ಹುಡುಗಿಗೆ ಐವತ್ತು ದಾಟಿದ ಅಪ್ಪ ಇದನ್ನು ಹೇಳುವುದು ಎಷ್ಟು ಕಷ್ಟ ಅಂತ ಹೇಳಿದವರಿಗೇ ಗೊತ್ತು. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, 'ತಪ್ಪಾಗಿದ್ದಕ್ಕೆ ಅಲ್ಲ ಅಪ್ಪಾ. ನೀನು ನೋಡಲೇ ಇಲ್ಲವಲ್ಲ, ಅದಕ್ಕೆ ಬೇಜಾರಾಗಿದ್ದು' ಅಂದಳು. ಆಮೇಲೆ, 'ಆ ಗಾದೆ ವಾಪಸ್ ತಗೋ. ನನ್ನ ಫ್ರೆಂಡ್ಸ್ ಮುಂದೆ, ಗುಜರಾತಿಯಲ್ಲೇ ತಗೋಬೇಕು.' ತಗೊಂಡೆ. ಅವಳ ಗೆಳತಿಯರು ನಕ್ಕರು. ಆ ದಿನ ಮನೆಗೆ ಐಸ್‌ಕ್ರೀಮ್ ಬಂತು.

ಈಗ ಅವಳು ಶೂಟಿಂಗ್ ಬಿಟ್ಟಿಲ್ಲ. ಮೊದಲ ಸಲ ಆ ಬಂದೂಕನ್ನು ಮತ್ತೆ ಹಿಡಿದಾಗ 609 ಬಂತು, ಆಮೇಲೆ ಮೆಲ್ಲಗೆ 614. ಒಲಿಂಪಿಕ್ಸ್ ಗಿಲಿಂಪಿಕ್ಸ್ ದೂರದ ಮಾತು, ಅದು ನಮಗೂ ಗೊತ್ತು. ಪಂಪಿನ ಬಾಯಿಗೆ ಒಣಗಿಸುವ ಹರಳಿನ ಡಬ್ಬಿ ಬಂದಿದೆ, ಬಣ್ಣ ಬದಲಾದ ಕೂಡಲೇ ಹರಳು ಬದಲಿಸುತ್ತೇನೆ. ತಿಂಗಳಿಗೊಮ್ಮೆ ಕ್ಲಬ್ಬಿನಲ್ಲಿ ಹತ್ತು ಹೊಡೆತ ಹೊಡೆದು, ಚಹಾ ಕುಡಿದು, ಮತ್ತೊಂದು ಹೊಡೆದು ವೇಗ ಬರೆದಿಡುತ್ತೇವೆ. ಆ ಪುಸ್ತಕ ಅವಳದ್ದು. ಪೆನ್ನು ಹಿಡಿಯುವ ಕೆಲಸ ಮಾತ್ರ ನನ್ನದು.

ಮಿಲ್ಲಿನಲ್ಲೂ ಒಂದು ಬದಲಾವಣೆ ಆಗಿದೆ. ಮಗ್ಗದಲ್ಲಿ ನೂಲು ಪದೇ ಪದೇ ಕಡಿಯುತ್ತಿದೆ ಅಂತ ಒಡಿಶಾದ ಹುಡುಗನೊಬ್ಬ ಮೊನ್ನೆ ಬಂದು ನಿಂತ. ಬಾಯಿ ತುದಿಗೆ ಗಾದೆ ಬಂದಿತ್ತು. ನುಂಗಿಕೊಂಡೆ. 'ನಡಿ, ಮೊದಲು ಗೇಜು ನೋಡೋಣ' ಅಂತ ಅವನ ಜೊತೆ ಹೋದೆ. ಗೇಜು ಸರಿಯಾಗಿಯೇ ಇತ್ತು, ತಪ್ಪು ಹುಡುಗನದ್ದೇ! ಆದರೂ ನೋಡಿದೆವಲ್ಲ.

ಜಾತ್ರೆಯ ಆ ಬಂದೂಕಿನ ನಳಿಗೆ ನಿಜವಾಗಿಯೂ ಸೊಟ್ಟ ಇತ್ತೋ ಏನೋ, ಇನ್ನು ಯಾರನ್ನು ಕೇಳುವುದು? ಅಪ್ಪನೂ ಇಲ್ಲ. ನಿಮ್ಮ ಮನೆಯಲ್ಲೂ ಯಾರಾದರೂ 'ನೆಲ ಡೊಂಕು' ಅಂದರೆ, ಬೈಯುವ ಮೊದಲು ಒಂದು ಸಲ ಬಗ್ಗಿ ನೆಲ ನೋಡಿ. ಸಮ ಇದ್ದರೆ ಆಮೇಲೆ ಬೈದರಾಯಿತು, ಗಾದೆ ಎಲ್ಲೂ ಓಡಿಹೋಗುವುದಿಲ್ಲ.

ಮಳೆ ನಿಂತಿತು. ಚಹಾ ಆರಿತು. ಬಾಲ್ಕನಿಯಿಂದ ಕರೆ ಬರುತ್ತಿದೆ, 'ಅಪ್ಪಾ, ಗಾಳಿ!' ಹೋಗಿ ಬರುತ್ತೇನೆ. ಹರಳಿನ ಬಣ್ಣ ನೋಡಿಯೇ ಪಂಪು ಮುಟ್ಟುತ್ತೇನೆ, ಆಣೆ!